ತುಟಿ ಊದುತ್ತದೆ, ತುರಿಕೆ ಇಲ್ಲ: ಇದು ಅಲರ್ಜಿಯೇ?

ಪ್ರಶ್ನೆ: ನನಗೆ 27 ವರ್ಷ, ಬನಶಂಕರಿಯಲ್ಲಿದ್ದೇನೆ. ಎರಡು ಮೂರು ತಿಂಗಳಿಗೊಮ್ಮೆ ಕೈ ಅಥವಾ ತುಟಿ ಊದಿಕೊಳ್ಳುತ್ತದೆ, ಮೂರು ದಿನಕ್ಕೆ ತಾನಾಗೇ ಇಳಿಯುತ್ತದೆ. ತುರಿಕೆ ಇಲ್ಲ. ನಂಜು ಅಂತ ಬದನೆಕಾಯಿ ಬಿಟ್ಟೆ, ಕಡಲೆಕಾಯಿಯನ್ನೂ ಬಿಟ್ಟೆ. ಸೆಟ್ರಿಜಿನ್ ನುಂಗಿದರೂ ಅಷ್ಟೇ. ಅಮ್ಮನಿಗೂ ಹೀಗೇ ಆಗುತ್ತದೆ. ಇದೆಂಥ ಅಲರ್ಜಿ ಡಾಕ್ಟ್ರೇ?

ಉತ್ತರ: ಪಾಪ, ಬದನೆಕಾಯಿಯನ್ನು ಸುಮ್ಮನೆ ದೂರಿದಿರೇನೋ. ತುರಿಕೆಯಿಲ್ಲ, ದದ್ದಿಲ್ಲ, ಅಲರ್ಜಿ ಮಾತ್ರೆಗೆ ಬಗ್ಗುವುದಿಲ್ಲ, ಜೊತೆಗೆ ಅಮ್ಮನಿಗೂ ಇದೆ ಎನ್ನುತ್ತೀರಿ. ಇಷ್ಟೂ ಸೇರಿದಾಗ ವಂಶಪಾರಂಪರ್ಯ ಆಂಜಿಯೋಎಡಿಮಾ, ಅಂದರೆ ಮನೆತನದಲ್ಲಿ ಹರಿದುಬರುವ ಊತದ ಕಾಯಿಲೆ, ಇರಬಹುದೇ ಎಂದು ನೋಡಲೇಬೇಕು. ಸುಮಾರು 50,000 ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆ ಇದು.

ಮನೆಯ ಮೇಲಿನ ಟ್ಯಾಂಕಿನಲ್ಲಿರುವ ಬಾಲ್ ವಾಲ್ವ್ ನೆನಪಿಸಿಕೊಳ್ಳಿ. ನೀರು ಮಟ್ಟ ಮುಟ್ಟಿದೊಡನೆ ತಾನಾಗಿ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆ ಕೆಲಸ ಮಾಡುವ ಪ್ರೊಟೀನಿಗೆ ಸಿ1 ಇನ್ಹಿಬಿಟರ್ ಎಂದು ಹೆಸರು. ಇದು ಕಡಿಮೆಯಾದರೆ ಬ್ರಾಡಿಕೈನಿನ್ ಎಂಬ ರಾಸಾಯನಿಕ ಮಿತಿಮೀರಿ ತಯಾರಾಗುತ್ತದೆ. ಅದರಿಂದ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ, ನೀರಿನಂಶ ಚರ್ಮದಡಿ ಒಸರುತ್ತದೆ. ಸೆಟ್ರಿಜಿನ್ ತಡೆಯುವುದು ಅಲರ್ಜಿ ತರಿಸುವ ಹಿಸ್ಟಮಿನ್ ಎಂಬ ಬೇರೆ ರಾಸಾಯನಿಕವನ್ನು. ಸೋರುತ್ತಿರುವ ಪೈಪೇ ಬೇರೆ, ಹಾಗಾಗಿ ಸ್ಟೀರಾಯ್ಡ್ ಇಂಜೆಕ್ಷನ್ನಿಗೂ ಇದು ಜಗ್ಗುವುದಿಲ್ಲ.

ಈ ಕಾಯಿಲೆಯಿದ್ದು, ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಬೈಕಿನ ಕ್ಲಚ್ ಹಿಡಿದವರಿಗೆ ಊತ ಶುರುವಾಗಲು ಆ ಒತ್ತಡವೊಂದೇ ಸಾಕು. ಸಂಜೆ ಅಂಗೈ ಬಿಗಿದಂತಾಗಿ, ಬೆಳಿಗ್ಗೆ ಉಂಗುರ ಬೆರಳಿನಿಂದ ಹೊರಡುವುದಿಲ್ಲ. ಕರುಳಿನ ಗೋಡೆಯೂ ಹೀಗೇ ಊದಬಹುದು. ಆಗ ಹೊಟ್ಟೆ ಹಿಂಡುವ ನೋವು, ವಾಂತಿ. ಹೊರಗೆ ಏನೂ ಕಾಣದ ಕಾರಣ ಅಪೆಂಡಿಸೈಟಿಸ್ ಅಂದುಕೊಂಡು ಆಪರೇಷನ್ ಮಾಡಿಸಿಕೊಂಡವರೂ ಇದ್ದಾರೆ. ಗಂಟಲಿನ ಊತ ಮಾತ್ರ ಜೀವಕ್ಕೇ ಕುತ್ತು. ದನಿ ಬದಲಾದರೆ, ಎಂಜಲು ನುಂಗಲು ಕಷ್ಟವಾದರೆ ಬೆಳಗಾಗಲಿ ಅಂತ ಕಾಯದೆ ತುರ್ತು ಚಿಕಿತ್ಸೆಯಿರುವ ಆಸ್ಪತ್ರೆಗೆ ಹೊರಡಿ.

ಮೊದಲು ಮಾಡಿಸಬೇಕಾದ್ದು ಸಿ4 ಎಂಬ ಪ್ರೊಟೀನಿನ ರಕ್ತಪರೀಕ್ಷೆ. ನಗರದ ದೊಡ್ಡ ಲ್ಯಾಬುಗಳಲ್ಲಿ ಆಗುತ್ತದೆ. ಕಾಯಿಲೆಯಿದ್ದರೆ ಊತವಿಲ್ಲದ ದಿನಗಳಲ್ಲೂ ಈ ಪ್ರೊಟೀನು ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಆಮೇಲೆ ಸಿ1 ಇನ್ಹಿಬಿಟರ್‌ನ ಪ್ರಮಾಣ, ಜೊತೆಗೆ ಅದರ ಕಾರ್ಯಕ್ಷಮತೆ. ಎರಡನ್ನೂ ಕೇಳಿ ಮಾಡಿಸಿ. ಸುಮಾರು ಶೇ. 15 ರೋಗಿಗಳಲ್ಲಿ ವಾಲ್ವ್ ಇರುತ್ತದೆ, ಆದರೆ ಕೆಟ್ಟು ಕೂತಿರುತ್ತದೆ. ಪ್ರಮಾಣವೊಂದನ್ನೇ ನೋಡಿ ‘ನಾರ್ಮಲ್’ ಎಂದುಬಿಟ್ಟರೆ ಇಂಥವರು ತಪ್ಪಿಹೋಗುತ್ತಾರೆ.

ಅಮ್ಮನಲ್ಲಿ ದೋಷವಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ, ಗಂಡಾಗಲಿ ಹೆಣ್ಣಾಗಲಿ. ನಿಮಗೆ ಖಚಿತವಾದರೆ ಅಣ್ಣತಮ್ಮ, ಅಕ್ಕತಂಗಿಯರಿಗೂ ಪರೀಕ್ಷೆ ಬೇಕು. ಮನೆಯಲ್ಲಿ ಯಾರಿಗೂ ಇಲ್ಲದೆಯೂ ಬರಬಹುದು, ಜೀನಿನ ಬದಲಾವಣೆ ಹೊಸದಾಗಿಯೇ ಶುರುವಾಗುವುದುಂಟು.

ಬೇರಿನಿಂದ ಕೀಳುವ ಮದ್ದು ಸದ್ಯ ಕೈಗೆಟುಕುವಂತಿಲ್ಲ, ಹತೋಟಿಗೆ ತರಬಹುದು. ಕೊರತೆಯಿರುವ ಪ್ರೊಟೀನನ್ನೇ ಇಂಜೆಕ್ಷನ್ ಆಗಿ ಕೊಡುತ್ತಾರೆ. ಬ್ರಾಡಿಕೈನಿನ್ ಅನ್ನು ತಡೆಯುವ ಇಕಾಟಿಬಂಟ್ ಕೂಡ ಇದೆ. ಎರಡೂ ದುಬಾರಿ. ಆದ್ದರಿಂದ ನಮ್ಮಲ್ಲಿ ಡ್ಯಾನಜೋಲ್, ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಗಳನ್ನೇ ಹೆಚ್ಚು ಬರೆಯುತ್ತಾರೆ. ತುರ್ತಿನಲ್ಲಿ ಬೇರೇನೂ ಸಿಗದಿದ್ದರೆ ರಕ್ತನಿಧಿಯ ಪ್ಲಾಸ್ಮಾ, ಅದರಲ್ಲೂ ಈ ಪ್ರೊಟೀನ್ ಇರುತ್ತದೆ. ಡ್ಯಾನಜೋಲ್ ಗರ್ಭಿಣಿಯರಿಗೆ ಕೂಡದು, ಮಗುವಿನ ಯೋಚನೆಯಿದ್ದರೆ ಮೊದಲೇ ಹೇಳಿ. ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೂ ತಿಳಿಸಿ, ಬಾಯಿಯ ಗಾಯ ಗಂಟಲೂತಕ್ಕೆ ದಾರಿಯಾಗುತ್ತದೆ. ಈಸ್ಟ್ರೋಜನ್ ಇರುವ ಮಾತ್ರೆ ನುಂಗುತ್ತಿದ್ದರೆ ಅದೇ ಊತ ಹೆಚ್ಚಿಸುತ್ತಿರಬಹುದು.

ಕೊನೆಗೊಂದು ಕೆಲಸ. ಅಮ್ಮ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರಾ? ಸ್ಟ್ರಿಪ್ಪಿನ ಹಿಂದಿನ ಸಣ್ಣಕ್ಷರ ಓದಿ. ರಾಮಿಪ್ರಿಲ್, ಎನಲಾಪ್ರಿಲ್ ಹೀಗೆ ‘ಪ್ರಿಲ್’ ಎಂದು ಮುಗಿಯುವ ಹೆಸರಿದ್ದರೆ ಈ ವಾರವೇ ವೈದ್ಯರಿಗೆ ತೋರಿಸಿ. ಅವು ಬ್ರಾಡಿಕೈನಿನ್ ಕರಗದಂತೆ ತಡೆಯುತ್ತವೆ. ನೀವಾಗಿ ನಿಲ್ಲಿಸಬೇಡಿ, ಬೇರೆ ಮಾತ್ರೆ ಅವರೇ ಬರೆದುಕೊಡುತ್ತಾರೆ.