ಬ್ಲಾಕ್ ಮಾಡಿದರೂ ಗೂಗಲ್‌ನಲ್ಲಿ ಯಾಕೆ ಸಿಗುತ್ತದೆ?

ದಾವಣಗೆರೆಯಲ್ಲಿ ಕಾಲೇಜುಗಳಿಗೆ ವೆಬ್‌ಸೈಟ್ ಮಾಡಿಕೊಡುವ ನಮ್ಮಂಥವರಿಗೆ ಅಡ್ಮಿಷನ್ ಮುಗಿಯುವ ಹೊತ್ತಿಗೆ ಈ ಫೋನು ತಪ್ಪಿದ್ದಲ್ಲ: ‘ಸರ್, ಸ್ಟೂಡೆಂಟ್ಸ್ ಹೆಸರು, ಮೊಬೈಲ್ ನಂಬರ್ ಇರೋ ಪಿಡಿಎಫ್ ಗೂಗಲ್‌ನಾಗೆ ಬರ್ತೈತಿ. ರೋಬೋಟ್ಸ್ ಫೈಲ್‌ನಾಗೆ ಬ್ಲಾಕ್ ಮಾಡೀವಿ, ಆದ್ರೂ ಹೋಗ್ವಲ್ದು.’

ಬ್ಲಾಕ್ ಮಾಡಿದ್ದರಿಂದಲೇ ಹೋಗುತ್ತಿಲ್ಲ ಎಂದರೆ ಯಾರೂ ಒಮ್ಮೆಗೇ ನಂಬುವುದಿಲ್ಲ.

ಈ ರೋಬೋಟ್ಸ್ ಫೈಲ್, ಅಂದರೆ ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ, ಸೈಟಿನ ಯಾವ ಭಾಗವನ್ನು ಓದಬಾರದು ಎಂದು ಬಾಟ್‌ಗಳಿಗೆ (ಪುಟಗಳನ್ನು ತಾವಾಗಿಯೇ ಓದುತ್ತ ಹೋಗುವ ಪ್ರೋಗ್ರಾಂಗಳಿಗೆ) ಹೇಳುವ ಸಣ್ಣ ಫೈಲು. ಇದು 1994ರಷ್ಟು ಹಳೆಯ ಪದ್ಧತಿ. ಆರ್‌ಎಫ್‌ಸಿ 9309 ಎಂಬ ಇಂಟರ್ನೆಟ್ ಮಾನದಂಡವಾಗಿ ಪ್ರಕಟವಾದದ್ದು ಮಾತ್ರ 2022ರಲ್ಲಿ. ಅದು ಗೋಡೆಯ ಮೇಲೆ ಬರೆದ ‘ಇಲ್ಲಿ ಮೂತ್ರ ಮಾಡಬಾರದು’ ಇದ್ದ ಹಾಗೆ, ಮರ್ಯಾದಸ್ಥರು ಪಾಲಿಸುತ್ತಾರೆ. ಗೂಗಲ್, ಬಿಂಗ್ ಪಾಲಿಸುತ್ತವೆ. ಮಾಹಿತಿ ಕದಿಯಲು ಬರುವ ಬಾಟ್ ಯಾಕೆ ಪಾಲಿಸೀತು? ಮೇಲಾಗಿ ಆ ಫೈಲನ್ನು ಯಾರು ಬೇಕಾದರೂ ತೆರೆದು ಓದಬಹುದು. ಗುಟ್ಟಿನ ಫೋಲ್ಡರ್ ಹೆಸರನ್ನು ಅಲ್ಲಿ ಬರೆಯುವುದೆಂದರೆ ಕಳ್ಳನಿಗೆ ವಿಳಾಸ ಕೊಟ್ಟಂತೆಯೇ.

ಅಲ್ಲಿ ‘ಡಿಸ್‌ಅಲೋ’ ಎಂದು ಬರೆದರೆ ಆ ಪುಟವನ್ನು ಓದಬೇಡ ಎಂದಷ್ಟೇ ಅರ್ಥ, ಫಲಿತಾಂಶದಲ್ಲಿ ತೋರಿಸಬೇಡ ಎಂದಲ್ಲ. ಬೇರೆ ಸೈಟಿನವರು ಲಿಂಕ್ ಕೊಟ್ಟಿದ್ದರೆ ಗೂಗಲ್ ಒಳಗೇನಿದೆ ಎಂದು ನೋಡದೆಯೂ ವಿಳಾಸವನ್ನು ತೋರಿಸಬಲ್ಲದು. ತೋರಿಸಬೇಡ ಎನ್ನಲು ಪುಟದ ಜೊತೆಗೇ ಕೊಡುವ ‘ನೋಇಂಡೆಕ್ಸ್’ ಎಂಬ ಸೂಚನೆ ಬೇಕು. ಆದರೆ ನೋಇಂಡೆಕ್ಸ್ ಕಣ್ಣಿಗೆ ಬೀಳಬೇಕಾದರೆ ಗೂಗಲ್ ಪುಟದೊಳಗೆ ಬರಬೇಕಲ್ಲ! ಬಾಗಿಲಲ್ಲೇ ತಡೆದರೆ ಒಳಗಿನ ಸೂಚನೆ ಅದಕ್ಕೆ ತಲುಪುವುದೇ ಇಲ್ಲ. ಫೈಲನ್ನೇ ಅಳಿಸಿ ಹಾಕಿದರೂ ಇದೇ ಕಥೆ: ತಡೆ ಹಾಗೇ ಇದ್ದರೆ ಫೈಲ್ ಇಲ್ಲ ಎನ್ನುವುದೂ ಅದಕ್ಕೆ ಗೊತ್ತಾಗುವುದಿಲ್ಲ. ಇನ್ನು ಕೆಲವರು ರೋಬೋಟ್ಸ್ ಫೈಲಿನೊಳಗೇ ನೋಇಂಡೆಕ್ಸ್ ಬರೆಯುತ್ತಾರೆ. 2019ರ ಸೆಪ್ಟೆಂಬರ್ 1ರಿಂದ ಗೂಗಲ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ.

ಹಾಗಾಗಿ ಮೊದಲು ತಡೆ ತೆಗೆಯಿರಿ. ಸಾಮಾನ್ಯ ಪುಟಕ್ಕೆ ಮೆಟಾ ಟ್ಯಾಗ್‌ನಲ್ಲಿ (ಪುಟದ ಕೋಡ್‌ನಲ್ಲಿ ಓದುಗರಿಗೆ ಕಾಣದಂತೆ ಬರೆಯುವ ಸಾಲು) ನೋಇಂಡೆಕ್ಸ್ ಹಾಕಿ. ಪಿಡಿಎಫ್‌ನಲ್ಲಿ ಮೆಟಾ ಟ್ಯಾಗ್‌ಗೆ ಜಾಗವಿಲ್ಲ, ಫೈಲಿನ ಜೊತೆಗೆ ಸರ್ವರ್ ಕಳಿಸುವ ‘ಎಕ್ಸ್-ರೋಬೋಟ್ಸ್-ಟ್ಯಾಗ್’ ಎಂಬ ಹೆಡರ್‌ನಲ್ಲಿ (ಟಿಪ್ಪಣಿಯಲ್ಲಿ) ನೋಇಂಡೆಕ್ಸ್ ಹಾಕಬೇಕು. ಮಕ್ಕಳ ಮೊಬೈಲ್ ನಂಬರ್ ಇರುವ ಪಟ್ಟಿಗೆ ಇಷ್ಟು ಸಾಲದು. ಅದನ್ನು ಸೈಟಿನಿಂದ ತೆಗೆಯಿರಿ, ಇಲ್ಲವೇ ಪಾಸ್‌ವರ್ಡ್ ಹಿಂದೆ ಇಡಿ. ತುರ್ತಿದ್ದರೆ ಸೈಟಿನ ಮಾಲೀಕರಿಗಾಗಿ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿನ ರಿಮೂವಲ್ಸ್ ಬಳಸಿ. ಅದು ಮರೆಮಾಡುವುದು ಸುಮಾರು 6 ತಿಂಗಳು ಮಾತ್ರ.

ಹಾಗಂತ ಡಿಸ್‌ಅಲೋ ದಂಡವೇನಲ್ಲ. ಮಂಡಿಪೇಟೆಯ ಸೀರೆ ಅಂಗಡಿಯೊಂದು ಆನ್‌ಲೈನ್‌ಗೆ ಬಂತು ಅನ್ನಿ. ಬಣ್ಣ, ಬೆಲೆ, ಬಟ್ಟೆ ಎಂಬ ಫಿಲ್ಟರ್‌ಗಳು ಒಂದಕ್ಕೊಂದು ಕೂಡಿ ಅವೇ ಸೀರೆಗಳಿಗೆ ಸಾವಿರಾರು ವಿಳಾಸ ಹುಟ್ಟಿಸುತ್ತವೆ. ಕ್ರಾಲರ್‌ಗಳು, ಅಂದರೆ ಹುಡುಕು ಎಂಜಿನ್‌ಗಳ ಬಾಟ್‌ಗಳು, ಅವುಗಳಲ್ಲೇ ಸುತ್ತುತ್ತಿದ್ದರೆ ಅಗ್ಗದ ಹೋಸ್ಟಿಂಗ್ ಏದುಸಿರು ಬಿಡುತ್ತದೆ. ಅಲ್ಲಿ ಡಿಸ್‌ಅಲೋ ಹಾಕಿ. ನಿಧಾನವಾಗಿ ಓದು ಎನ್ನುವ ‘ಕ್ರಾಲ್-ಡಿಲೇ’ ಸಾಲನ್ನು ಬಿಂಗ್ ಕೇಳುತ್ತದೆ, ಗೂಗಲ್ ಕೇಳುವುದಿಲ್ಲ.

ರೋಬೋಟ್ಸ್ ಫೈಲಿನಲ್ಲಿ ಗೂಗಲ್‌ಬಾಟ್‌ಗೆಂದೇ (ಗೂಗಲ್‌ನ ಕ್ರಾಲರ್) ನಿಯಮಗಳ ಬೇರೆ ಗುಂಪು ಬರೆದರೆ ಎಚ್ಚರ: ಅದು ತನ್ನ ಗುಂಪನ್ನು ಮಾತ್ರ ಓದಿ, ‘ಎಲ್ಲ ಬಾಟ್‌ಗಳಿಗೂ’ ಎನ್ನುವ ನಕ್ಷತ್ರದ ಗುರುತಿನ (*) ಕೆಳಗಿನ ನಿಯಮಗಳನ್ನು ಪೂರ್ತಿ ಬಿಟ್ಟುಬಿಡುತ್ತದೆ. ಎಲ್ಲರಿಗೂ ಹಾಕಿದ ನಿಯಮ ಅದಕ್ಕೂ ಬೇಕೆಂದರೆ ಅದರ ಗುಂಪಿನಲ್ಲಿ ಮತ್ತೊಮ್ಮೆ ಬರೆಯಬೇಕು.