ಬೆಕ್ಕಿಗೆ ಫಿಟ್ಸ್ ಬಂದಾಗ ಕೈಗಿಂತ ಕಣ್ಣಿಗೆ ಕೆಲಸ ಜಾಸ್ತಿ

ಒಗೆದ ಬಟ್ಟೆ ಮಡಚುತ್ತಾ ಕೂತಿದ್ದೆ. ಮಡಚಿಟ್ಟ ಬೆಡ್‌ಶೀಟಿನ ಮೇಲೆ ಎಂದಿನಂತೆ ಚುಕ್ಕಿ ಮಲಗಿದ್ದಳು. ಅವಳ ತುಟಿಯ ಎಡಬದಿ ಸಣ್ಣಗೆ ಅದುರತೊಡಗಿತು. ಮೀಸೆಯ ಮೇಲೆ ನೊಣ ಕೂತಾಗ ಕೊಡವುತ್ತಾರಲ್ಲ, ಹಾಗೆ. ಕನಸು ಬಿದ್ದಿರಬೇಕು ಅಂದುಕೊಂಡೆ. ನಿದ್ದೆಯಲ್ಲಿ ಬೆಕ್ಕಿನ ಮೀಸೆ, ಪಂಜ ಅದುರುವುದು ಎಲ್ಲರೂ ನೋಡಿದ್ದೇ ಅಲ್ವಾ? ಆದರೆ ಅವಳ ಕಣ್ಣು ತೆರೆದೇ ಇತ್ತು. ಪಾಪೆ ಎಷ್ಟು ಅಗಲವಾಗಿತ್ತೆಂದರೆ ಸುತ್ತಲಿನ ಹಸಿರು ಬಣ್ಣವೇ ಕಾಣುತ್ತಿರಲಿಲ್ಲ. ಹೆಸರು ಹಿಡಿದು ಕರೆದೆ. ಕಿವಿ ತಿರುಗಲಿಲ್ಲ. ಅಷ್ಟರಲ್ಲಿ ಕುತ್ತಿಗೆ ಹಿಂದಕ್ಕೆ ಸೆಟೆಯಿತು, ನಾಲ್ಕೂ ಕಾಲು ಬಿಗಿದವು, ಅವಳು ಪಕ್ಕಕ್ಕೆ ಉರುಳಿದಳು. ಆಮೇಲೆ ಕಾಲುಗಳು ಈಜುವ ಹಾಗೆ ಗಾಳಿಯಲ್ಲಿ ಬಡಿದುಕೊಳ್ಳತೊಡಗಿದವು. ಬಾಯಲ್ಲಿ ನೊರೆ. ಬೆಡ್‌ಶೀಟು ಒದ್ದೆ.

ಆಗ ನಾನು ಒಂದು ದೊಡ್ಡ ತಪ್ಪು ಮಾಡಿದೆ. ನಾಲಿಗೆ ನುಂಗಿಬಿಟ್ಟಾಳು ಎಂಬ ಭಯಕ್ಕೆ ಅವಳ ಬಾಯಿಗೆ ಬೆರಳು ಹಾಕಿದೆ. ದವಡೆ ಬಿಗಿದುಕೊಂಡಿತು, ಹಲ್ಲು ಆಳಕ್ಕೆ ಇಳಿಯಿತು. ಬೆಕ್ಕಾಗಲಿ, ಮನುಷ್ಯರಾಗಲಿ, ಫಿಟ್ಸ್ ಬಂದಾಗ ನಾಲಿಗೆ ನುಂಗಲು ಆಗುವುದೇ ಇಲ್ಲ. ನಾಲಿಗೆಯ ಬುಡ ಬಾಯಿಯ ತಳಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಅದು ಆ ದಿನ ನನಗೆ ಗೊತ್ತಿರಲಿಲ್ಲ. ಪ್ರೀತಿಯಿಂದ ಸಾಕಿದವರೇ ಇಂಥ ಹೊತ್ತಲ್ಲಿ ಮೊದಲು ಕೈ ಹಾಕುವುದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಚ್ಚಿದ ಗಾಯದ ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ಬೆಕ್ಕಿನ ಹಲ್ಲು ಸೂಜಿಯಂತೆ ತೆಳ್ಳಗೆ, ಉದ್ದ. ಮೇಲೆ ಸಣ್ಣ ಚುಕ್ಕೆಯಷ್ಟೇ ಕಾಣುತ್ತದೆ, ಆದರೆ ಬಾಯಲ್ಲಿರುವ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಆಳಕ್ಕೆ ಹೋಗಿ ಕೂರುತ್ತದೆ. ಒಂದು ದಿನ ಕಳೆಯುವಷ್ಟರಲ್ಲಿ ಕೈ ಊದಿಕೊಳ್ಳಬಹುದು. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅದೇ ದಿನ ಡಾಕ್ಟರ ಹತ್ತಿರ ಹೋಗಿ. ರೇಬೀಸ್ ಕೂಡ ಮಿದುಳಿಗೆ ತಗಲುವ ಕಾಯಿಲೆ. ಅದರಲ್ಲೂ ಸೆಳೆತ, ಇದ್ದಕ್ಕಿದ್ದಂತೆ ಮೈಮೇಲೆ ಬೀಳುವುದು ಇರುತ್ತದೆ. ಲಸಿಕೆ ಹಾಕಿಸದ ಬೆಕ್ಕು ಕಚ್ಚಿದ್ದರೆ ಒಂದು ಗಂಟೆಯೂ ತಡ ಮಾಡಬಾರದು.

ಅಷ್ಟಕ್ಕೂ ಆ ಹೊತ್ತಲ್ಲಿ ಅವಳ ತಲೆಯೊಳಗೆ ಏನು ನಡೆಯುತ್ತಿತ್ತು? ತುಂಬಿದ ಸಭೆಯೊಂದನ್ನು ನೆನೆಸಿಕೊಳ್ಳಿ. ಪ್ರತಿಯೊಬ್ಬರೂ ಪಕ್ಕದವರ ಜೊತೆ ತಮ್ಮ ತಮ್ಮ ಮಾತಾಡುತ್ತಿರುತ್ತಾರೆ. ಗದ್ದಲ ಇದ್ದರೂ ಎಲ್ಲರ ಕೆಲಸವೂ ಸಾಗುತ್ತಿರುತ್ತದೆ. ಇದ್ದಕ್ಕಿದ್ದಂತೆ ಒಂದು ಮೂಲೆಯವರು ಒಂದೇ ತಾಳಕ್ಕೆ ಚಪ್ಪಾಳೆ ಹೊಡೆಯಲು ಶುರುಮಾಡಿದರೆ? ಅಕ್ಕಪಕ್ಕದವರೂ ಸೇರಿಕೊಳ್ಳುತ್ತಾರೆ. ಕೊನೆಗೆ ಸಭೆಯಲ್ಲಿ ಚಪ್ಪಾಳೆ ಬಿಟ್ಟು ಬೇರೇನೂ ಕೇಳುವುದಿಲ್ಲ. ಫಿಟ್ಸ್ ಅಂದರೆ ಹೀಗೇ. ನರಕೋಶಗಳು ತಮ್ಮ ತಮ್ಮ ಕೆಲಸ ಬಿಟ್ಟು ಒಟ್ಟಿಗೆ, ಮತ್ತೆ ಮತ್ತೆ ಮಿಂಚುತ್ತವೆ. ಮಿದುಳಿನಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ನರಕೋಶವನ್ನು ಕೆರಳಿಸುತ್ತದೆ, ಗಾಬಾ ಎಂಬುದು ಸುಮ್ಮನಾಗಿಸುತ್ತದೆ. ಈ ಎರಡರ ತೂಕ ತಪ್ಪಿದಾಗ ಚಪ್ಪಾಳೆ ಶುರುವಾಗುತ್ತದೆ. ಫಿಟ್ಸ್ ಎನ್ನುವುದು ಮಿದುಳಿನ ಒಂದು ಕಡೆ ಹಠಾತ್ತಾಗಿ, ಅತಿಯಾಗಿ ಚಿಮ್ಮುವ ಶಕ್ತಿ ಎಂದು ಇಂಗ್ಲೆಂಡಿನ ವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ 1873ರಲ್ಲೇ ಹೇಳಿದ್ದರು. ಮಿದುಳಿನ ವಿದ್ಯುತ್ತನ್ನು ಅಳೆಯುವ ಇಇಜಿ ಬರುವುದಕ್ಕೆ ಅರ್ಧ ಶತಮಾನ ಮೊದಲು. ರೋಗಿಗಳ ಪಕ್ಕದಲ್ಲಿ ನಿಂತು, ಸೆಳೆತ ಮೊದಲು ಎಲ್ಲಿ ಶುರುವಾಗುತ್ತದೆ, ಅಲ್ಲಿಂದ ಎತ್ತ ಹರಡುತ್ತದೆ ಎಂದು ನೋಡಿ ನೋಡಿಯೇ ಅವರು ಇದನ್ನು ಕಂಡುಕೊಂಡಿದ್ದು.

ಬೆಕ್ಕುಗಳ ವಿಷಯದಲ್ಲಿ ಈ ನೋಡುವ ಕೆಲಸ ಇವತ್ತಿಗೂ ತುಂಬಾ ಮುಖ್ಯ. ಯಾಕೆಂದರೆ ಚಪ್ಪಾಳೆ ಒಂದೇ ಮೂಲೆಯಲ್ಲಿ ಉಳಿದುಬಿಡುವುದು ನಾಯಿಗಳಿಗಿಂತ ಬೆಕ್ಕುಗಳಲ್ಲಿ ಜಾಸ್ತಿ. ಆಗ ಬೆಕ್ಕು ಬೀಳುವುದೂ ಇಲ್ಲ, ಒದ್ದಾಡುವುದೂ ಇಲ್ಲ. ಮುಖದ ಒಂದು ಬದಿ ಅದುರುತ್ತದೆ. ಸುಮ್ನೆ ಬಾಯಿ ಚಪ್ಪರಿಸುತ್ತದೆ, ಜೊಲ್ಲು ಸುರಿಸುತ್ತದೆ, ಗೋಡೆ ನೋಡುತ್ತಾ ನಿಂತುಬಿಡುತ್ತದೆ. ನೋಡಿದವರು ಹಲ್ಲುನೋವೇನೋ, ವಾಂತಿ ಬರುತ್ತೇನೋ ಅಂದುಕೊಳ್ಳುತ್ತಾರೆ. ಚುಕ್ಕಿಯ ತುಟಿ ಹಿಂದೆಯೂ ಎರಡು ಸಲ ಹಾಗೆ ಅದುರಿದ್ದು ನನಗೆ ಆಮೇಲೆ ನೆನಪಾಯಿತು.

ಹಾಗಾದರೆ ಆ ಹೊತ್ತಲ್ಲಿ ಏನು ಮಾಡಬೇಕು? ಮೊದಲು ಗಡಿಯಾರ ನೋಡಿ. ಭಯದಲ್ಲಿ ಒಂದು ನಿಮಿಷ ಹತ್ತು ನಿಮಿಷದಂತೆ ಅನಿಸುತ್ತದೆ, ಅಂದಾಜು ನಂಬಬೇಡಿ. ಬೆಕ್ಕು ಎತ್ತರದಲ್ಲಿದ್ದರೆ, ಮೆಟ್ಟಿಲ ಅಂಚಿನಲ್ಲಿದ್ದರೆ ಮಾತ್ರ ದಪ್ಪ ಟವೆಲ್ ಹಾಕಿ ಮೆಲ್ಲಗೆ ನೆಲಕ್ಕೆ ಸರಿಸಿ. ಇಲ್ಲದಿದ್ದರೆ ಬೆಕ್ಕನ್ನು ಮುಟ್ಟದೆ ಸುತ್ತಲಿನ ಕುರ್ಚಿ, ಮೇಜು ಸರಿಸಿ. ಟಿವಿ ಆಫ್ ಮಾಡಿ, ದೀಪ ಕಡಿಮೆ ಮಾಡಿ, ಮಕ್ಕಳನ್ನೂ ಬೇರೆ ಪ್ರಾಣಿಗಳನ್ನೂ ಹೊರಗೆ ಕಳಿಸಿ. ಹಿಡಿದುಕೊಂಡರೆ ಫಿಟ್ಸ್ ನಿಲ್ಲುವುದಿಲ್ಲ. ನೀರು ಕುಡಿಸಲು ಹೋದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಮುಖಕ್ಕೆ ನೀರು ಎರಚುವುದರಿಂದಲೂ ಉಪಯೋಗವಿಲ್ಲ. ಫೋನ್ ತೆಗೆದು ವಿಡಿಯೋ ಮಾಡಿ. ಸಾಕಿದ ಪ್ರಾಣಿ ಒದ್ದಾಡುವಾಗ ವಿಡಿಯೋ ಮಾಡುವುದಕ್ಕೆ ಮನಸ್ಸು ಒಪ್ಪುವುದಿಲ್ಲ, ನನಗೆ ಗೊತ್ತು. ಆದರೂ ಮಾಡಿ. ಪಶುವೈದ್ಯರ ಮೇಜಿನ ಮೇಲೆ ಕೂರುವ ಹೊತ್ತಿಗೆ ಬೆಕ್ಕು ಸಾಮಾನ್ಯವಾಗಿ ಸರಿಹೋಗಿರುತ್ತದೆ. ನಡೆದಿದ್ದನ್ನು ಅವರಿಗೆ ತೋರಿಸಲು ಇರುವುದು ಆ ವಿಡಿಯೋ ಒಂದೇ.

ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. 5 ನಿಮಿಷ ದಾಟಿದರೆ ಅದು ತುರ್ತು. 24 ಗಂಟೆಯೊಳಗೆ ಎರಡು ಸಲ ಬಂದರೂ ಅಷ್ಟೇ, ಪ್ರಜ್ಞೆ ಪೂರ್ತಿ ಮರಳುವ ಮೊದಲೇ ಇನ್ನೊಂದು ಬಂದರೂ ಅಷ್ಟೇ. 5 ನಿಮಿಷ ಅಂತ ಯಾಕೆ ಗೆರೆ ಎಳೆದಿದ್ದಾರೆ? ಫಿಟ್ಸ್ ಮುಂದುವರಿದಷ್ಟೂ ಗಾಬಾ ಬಂದು ಕೂರುವ ಜಾಗಗಳು ನರಕೋಶದ ಮೇಲಿನಿಂದ ಒಳಕ್ಕೆ ಸರಿಯುತ್ತಾ ಹೋಗುತ್ತವೆ. ಅಂದರೆ ಬ್ರೇಕು ಸವೆಯುತ್ತದೆ. ಅದೇ ಬ್ರೇಕನ್ನು ಒತ್ತುವ ಔಷಧಿಗಳೂ ತಡವಾದಷ್ಟು ಕಡಿಮೆ ಕೆಲಸ ಮಾಡುತ್ತವೆ. ಜೊತೆಗೆ ಸ್ನಾಯುಗಳು ಎಡೆಬಿಡದೆ ದುಡಿಯುವುದರಿಂದ ಮೈ ಕಾಯುತ್ತದೆ. ಬೆಕ್ಕಿನ ಮೈಶಾಖ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್. ಅದು 41 ದಾಟಿದರೆ ಮಿದುಳಿಗೂ ಬೇರೆ ಅಂಗಗಳಿಗೂ ಪೆಟ್ಟು ಬೀಳಬಹುದು. ಆಸ್ಪತ್ರೆಗೆ ಒಯ್ಯುವಾಗ ಗಾಳಿ ಆಡಲಿ, ಕಂಬಳಿ ಸುತ್ತಬೇಡಿ.

ನಿಂತ ಮೇಲಿನ ಹೊತ್ತು ಇನ್ನೊಂದು ಥರ ಕಷ್ಟ. ಚುಕ್ಕಿ ಎದ್ದು ನಿಂತಳು, ಬಾಗಿಲ ಚೌಕಟ್ಟಿಗೆ ಹೋಗಿ ಢಿಕ್ಕಿ ಹೊಡೆದಳು, ತಿರುಗಿ ಮತ್ತೆ ಅದಕ್ಕೇ ಢಿಕ್ಕಿ ಹೊಡೆದಳು. ಕಣ್ಣು ಹೋಯಿತು ಎಂದು ನಾನು ಅತ್ತೆ. ಆದರೆ ಫಿಟ್ಸ್ ಆದಮೇಲೆ ಸ್ವಲ್ಪ ಹೊತ್ತು ಕಣ್ಣು ಕಾಣದಿರುವುದು, ಮನೆಯವರ ಗುರುತು ಸಿಗದಿರುವುದು, ಸುಮ್ಮನೆ ಸುತ್ತುತ್ತಲೇ ಇರುವುದು, ವಿಪರೀತ ಹಸಿವಾಗುವುದು ಎಲ್ಲವೂ ಇದ್ದದ್ದೇ. ದಣಿದ ಮಿದುಳು ಚೇತರಿಸಿಕೊಳ್ಳಲು ಕೆಲವು ನಿಮಿಷ ಸಾಕಾಗಬಹುದು, ಇಡೀ ದಿನವೂ ಬೇಕಾಗಬಹುದು. ಮೆಟ್ಟಿಲಿಲ್ಲದ, ಮಂದ ಬೆಳಕಿನ ಕೋಣೆಯಲ್ಲಿ ಬಿಡಿ. ಪೂರ್ತಿ ಎಚ್ಚರ ಬಂದು, ಕರೆದರೆ ತಿರುಗಿ ನೋಡುವವರೆಗೆ ಊಟ, ನೀರು ಬೇಡ.

ಕೆಲವು ತಿಂಗಳ ಮೇಲೆ ಒಂದು ಸಂಜೆ ಅಡುಗೆಮನೆಯಿಂದ ಭಯಂಕರ ಕಿರುಚಾಟ ಕೇಳಿತು. ಓಡಿ ಹೋದರೆ ಚುಕ್ಕಿ ಫ್ರಿಜ್ಜಿನ ಸಂದಿಯಲ್ಲಿ. ಪಾಪೆ ಕಪ್ಪು, ಬಾಲ ಮೂರು ಪಟ್ಟು ದಪ್ಪ, ಕೆಳಗೆ ಮೂತ್ರ. ಮತ್ತೆ ಫಿಟ್ಸ್ ಅಂದುಕೊಂಡು ಟವೆಲ್ ಹಿಡಿದು ಹತ್ತಿರ ಹೋದೆ. ಅವಳು ನನ್ನನ್ನೇ ನೋಡಿ ಬುಸುಗುಟ್ಟಿದಳು. ಆ ನೋಟ ಕಂಡು ನಿಂತೆ. ಫಿಟ್ಸ್ ಬಂದವಳು ನನ್ನನ್ನು ಹೀಗೆ ನೋಡಲಾರಳು. ಕಿಟಕಿಯಾಚೆ ಅಪರಿಚಿತ ಗಂಡು ಬೆಕ್ಕೊಂದು ಕೂತಿತ್ತು.

ಇದು ಗಾಬರಿ. ಇಲ್ಲಿ ಮಿದುಳು ತಾಳ ತಪ್ಪಿಲ್ಲ, ತನ್ನ ಕೆಲಸವನ್ನು ಜೋರಾಗಿಯೇ ಮಾಡುತ್ತಿದೆ. ಅಮಿಗ್ಡಲಾ ಎಂಬ ಭಾಗ ಅಪಾಯದ ಗಂಟೆ ಹೊಡೆದಿದೆ, ಅಡ್ರಿನಲಿನ್ ಹರಿದಿದೆ, ಹೃದಯ ದಡದಡ ಬಡಿಯುತ್ತಿದೆ. ಗಾಬರಿಯಾದ ಬೆಕ್ಕಿನ ಚಲನೆಗೆ ದಿಕ್ಕಿರುತ್ತದೆ. ಅದು ಯಾವುದರಿಂದಲೋ ಓಡುತ್ತದೆ, ಎಲ್ಲಿಗೋ ನುಗ್ಗುತ್ತದೆ, ನಿಮ್ಮ ಪ್ರತಿ ಹೆಜ್ಜೆಯನ್ನೂ ಕಣ್ಣಲ್ಲೇ ಹಿಂಬಾಲಿಸುತ್ತದೆ. ಫಿಟ್ಸ್‌ನಲ್ಲಿ ಸಾಮಾನ್ಯವಾಗಿ ದಿಕ್ಕೂ ಇಲ್ಲ, ನೋಟವೂ ಇಲ್ಲ. ಅದರ ಹಿಂದೆ ಕಾರಣವೂ ಕಾಣುವುದಿಲ್ಲ, ಎಷ್ಟೋ ಸಲ ಮಲಗಿದ್ದಾಗಲೇ ಬರುತ್ತದೆ. ಆದರೆ ಈ ಗೆರೆ ಯಾವಾಗಲೂ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಬೆಕ್ಕುಗಳ ಕೆಲವು ಫಿಟ್ಸ್ ನೋಡಲು ಥೇಟ್ ಗಾಬರಿಯಂತೆಯೇ ಇರುತ್ತದೆ. ಜೊಲ್ಲು ಸುರಿಸುತ್ತಾ, ಗುರುಗುಟ್ಟುತ್ತಾ ಹುಚ್ಚೆದ್ದು ಓಡಿ ಗೋಡೆಗೆ ಬಡಿದುಕೊಳ್ಳುತ್ತವೆ. ಅನುಮಾನ ಬಂದರೆ ಮತ್ತೆ ವಿಡಿಯೋವೇ ಗತಿ.

ಗಾಬರಿಯಾದ ಬೆಕ್ಕನ್ನು ಎತ್ತಿ ಮುದ್ದಾಡಲು ಹೋಗಬೇಡಿ. ಕಿಟಕಿಯಾಚೆಯ ಬೆಕ್ಕಿನ ಮೇಲಿನ ಸಿಟ್ಟು ಕೈಗೆ ಸಿಕ್ಕವರ ಮೇಲೆ ತಿರುಗುತ್ತದೆ. ಒಂದೇ ಮನೆಯಲ್ಲಿ ವರ್ಷಗಟ್ಟಲೆ ಒಟ್ಟಿಗೆ ಮಲಗಿದ ಎರಡು ಬೆಕ್ಕು ಹೀಗೆ ಒಂದೇ ಸಂಜೆಯಲ್ಲಿ ವೈರಿಗಳಾಗುವುದುಂಟು. ಹೆದರಿಸಿದ್ದನ್ನು ಮರೆಮಾಡಿ, ಪರದೆ ಎಳೆಯಿರಿ, ನೀರು ಮತ್ತು ಲಿಟರ್ ಟ್ರೇ ಒಳಗಿಟ್ಟು ಬಾಗಿಲು ಮುಚ್ಚಿ ಹೊರಗೆ ಬನ್ನಿ. ನಡುವೆ ಹಾದುಹೋಗಲೇಬೇಕೆಂದರೆ ದಪ್ಪ ದಿಂಬು ಅಡ್ಡ ಹಿಡಿಯಿರಿ. ಶಾಂತವಾಗಲು ಕೆಲವು ಗಂಟೆ, ಕೆಲವೊಮ್ಮೆ ಒಂದು ದಿನವೇ ಬೇಕು. ಚುಕ್ಕಿ ಮರುದಿನ ಬೆಳಗ್ಗೆ ತಾನಾಗಿ ಹೊರಗೆ ಬಂದಳು.

ಫಿಟ್ಸ್ ಅಂತ ತಪ್ಪು ತಿಳಿಯುವಂಥದ್ದು ಇನ್ನೂ ಎರಡಿವೆ. ಹೃದಯದ ಕಾಯಿಲೆಯಿಂದ ಬೆಕ್ಕು ಎಚ್ಚರ ತಪ್ಪಿ ಬೀಳಬಹುದು. ಆಗ ಮೈ ಸಾಮಾನ್ಯವಾಗಿ ಬಟ್ಟೆಯಂತೆ ಸಡಿಲವಾಗಿರುತ್ತದೆ, ಕೆಲವು ಸೆಕೆಂಡಿನಲ್ಲಿ ಏನೂ ಆಗದ ಹಾಗೆ ಎದ್ದು ನಡೆಯುತ್ತದೆ. ಒಳಕಿವಿಯ ತೊಂದರೆಯಲ್ಲಿ ತಲೆ ಒಂದು ಬದಿಗೆ ವಾಲುತ್ತದೆ, ಕಣ್ಣುಗುಡ್ಡೆ ಪಕ್ಕಪಕ್ಕಕ್ಕೆ ಎಳೆಯುತ್ತದೆ, ಬೆಕ್ಕು ತೂರಾಡುತ್ತದೆ, ಆದರೆ ಪ್ರಜ್ಞೆ ಇರುತ್ತದೆ. ಇವಕ್ಕೂ ವೈದ್ಯರು ಬೇಕು, ಚಿಕಿತ್ಸೆ ಮಾತ್ರ ಬೇರೆ.

ಕಾರಣಗಳ ಮಾತು ದೊಡ್ಡದು. ವಯಸ್ಸಾದ ಬೆಕ್ಕಿನಲ್ಲಿ ಮಿದುಳಿನ ಗಡ್ಡೆ, ಮೂತ್ರಪಿಂಡದ ಕಾಯಿಲೆ, ಏರಿದ ಬಿಪಿ. ಚಿಕ್ಕದರಲ್ಲಿ ಸೋಂಕು, ಹುಟ್ಟಿನಿಂದ ಬಂದ ಯಕೃತ್ತಿನ ದೋಷ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ಬೆಕ್ಕಿಗೆ ಸಕ್ಕರೆ ತೀರಾ ಇಳಿದರೂ ಫಿಟ್ಸ್ ಬರುತ್ತದೆ. ಎಷ್ಟೋ ಬೆಕ್ಕುಗಳಲ್ಲಿ ಎಲ್ಲ ಪರೀಕ್ಷೆ ಮಾಡಿದರೂ ಕಾರಣ ಸಿಗುವುದಿಲ್ಲ.

ಆದರೆ ಒಂದು ಕಾರಣದ ಬಗ್ಗೆ ನಾನು ಕಂಡ ಕಂಡವರಿಗೆಲ್ಲ ಹೇಳುತ್ತೇನೆ, ಯಾಕೆಂದರೆ ಅದನ್ನು ಪೂರ್ತಿ ತಪ್ಪಿಸಬಹುದು. ನಾಯಿಯ ಚಿಗಟ, ಉಣುಗು ಹೋಗಲು ಕುತ್ತಿಗೆಯ ಹಿಂದೆ ಬಿಡುವ ಕೆಲವು ಹನಿ ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ನಾಯಿಗೆ ಅದರಿಂದ ತೊಂದರೆಯಿಲ್ಲ, ಬೆಕ್ಕಿಗೆ ಅದು ವಿಷ. ನಮ್ಮ ಯಕೃತ್ತು ಇಂಥ ಅನೇಕ ವಸ್ತುಗಳಿಗೆ ಸಕ್ಕರೆಯ ಜಾತಿಯ ಒಂದು ಅಣುವನ್ನು ಅಂಟಿಸಿ ಹೊರಗೆ ಕಳಿಸುತ್ತದೆ. ಆ ಅಂಟಿಸುವ ಕಿಣ್ವಗಳು ಬೆಕ್ಕಿನಲ್ಲಿ ತೀರಾ ಕಡಿಮೆ. ಅವುಗಳಲ್ಲೊಂದನ್ನು ಮಾಡಬೇಕಾದ ಜೀನ್ ಬೆಕ್ಕಿನ ಕುಲದಲ್ಲಿ ಎಂದೋ ಕೆಟ್ಟುಹೋಗಿದೆ. ಮಾಂಸವನ್ನೇ ತಿಂದು ಬದುಕಿದ ಪ್ರಾಣಿಗೆ ಗಿಡಗಳ ವಿಷ ಕಳೆಯುವ ಅಗತ್ಯ ಹೆಚ್ಚು ಇರಲಿಲ್ಲ, ಅದಕ್ಕೇ ಹೀಗಾಗಿದೆ ಎನ್ನುವುದು ವಿಜ್ಞಾನಿಗಳ ವಿವರಣೆ. ಒಂದು ಪ್ಯಾರಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು ಎನ್ನುವುದಕ್ಕೂ ಮುಖ್ಯ ಕಾರಣ ಇದೇ. ಆದ್ದರಿಂದ ನಾಯಿಯ ಹನಿ ಬೆಕ್ಕಿಗೆ ಬೇಡವೇ ಬೇಡ. ಗೊತ್ತಿಲ್ಲದೆ ಹಾಕಿದ್ದರೆ ಕೂಡಲೇ ವೈದ್ಯರಿಗೆ ಫೋನ್ ಮಾಡಿ. ಬೆಕ್ಕು ಸ್ಥಿಮಿತದಲ್ಲಿದ್ದರೆ ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು, ಒರೆಸಿ, ಬಾಟಲಿ ಸಮೇತ ಆಸ್ಪತ್ರೆಗೆ ಹೋಗಿ.

ಇನ್ನೊಂದು ಸಂಗತಿ ಓದಿ ನನಗೆ ಅಚ್ಚರಿಯಾಗಿತ್ತು. ಕೆಲವು ಮುದಿ ಬೆಕ್ಕುಗಳಿಗೆ ಸದ್ದಿನಿಂದ ಫಿಟ್ಸ್ ಬರುತ್ತದೆ. ಗುಡುಗಿನಂಥ ದೊಡ್ಡ ಸದ್ದೇ ಆಗಬೇಕೆಂದಿಲ್ಲ. ಅಲ್ಯೂಮಿನಿಯಂ ಫಾಯಿಲ್ ಮುದುರುವುದು, ಪಿಂಗಾಣಿ ಬಟ್ಟಲಿಗೆ ಚಮಚ ತಾಗುವುದು, ಕೀಗೊಂಚಲು ಝಣಗುಡುವುದು, ಕೀಬೋರ್ಡಿನ ಟಕಟಕ ಸಾಕು. ಬ್ರಿಟನ್ನಿನ ಸಂಶೋಧಕರು 2015ರಲ್ಲಿ ಇಂಥ 96 ಬೆಕ್ಕುಗಳ ವಿವರ ಪ್ರಕಟಿಸಿದರು. ಶುರುವಾಗುವ ವಯಸ್ಸು ಹೆಚ್ಚುಕಡಿಮೆ 15. ನಮ್ಮ ಕಿವಿಗೆ ಕೇಳುವ ಶಬ್ದ 20 ಸಾವಿರ ಹರ್ಟ್ಜ್‌ಗೆ ಮುಗಿದರೆ ಬೆಕ್ಕಿಗೆ 60 ಸಾವಿರದ ಮೇಲೂ ಕೇಳುತ್ತದೆ. ಫಾಯಿಲ್ ಮುದುರಿದಾಗ ನಮಗೆ ಕೇಳಿಸದ ಎಷ್ಟೋ ಅದರ ಕಿವಿಗೆ ಬೀಳುತ್ತದೆ. ಫಿಟ್ಸ್‌ಗೆ ಮುಂಚೆ ಮನೆಯಲ್ಲಿ ಏನು ಸದ್ದಾಗಿತ್ತು ಎಂದು ಬರೆದಿಡುವ ಅಭ್ಯಾಸ ನಾನು ಶುರುಮಾಡಿದ್ದು ಇದನ್ನು ಓದಿದ ಮೇಲೆ.

ಒಂದೇ ಸಲ ಬಂದು ಹೋದ ಫಿಟ್ಸ್‌ಗೆ ಯಾವಾಗಲೂ ಮಾತ್ರೆ ಶುರುಮಾಡುವುದಿಲ್ಲ. ಮತ್ತೆ ಮತ್ತೆ ಬಂದರೆ ಬೆಕ್ಕಿಗೆ ಸಾಮಾನ್ಯವಾಗಿ ಮೊದಲು ಕೊಡುವುದು ಫಿನೋಬಾರ್ಬಿಟಲ್. ಮನುಷ್ಯರ ಅಪಸ್ಮಾರಕ್ಕೆ 1912ರಿಂದ ಬಳಕೆಯಲ್ಲಿರುವ ಔಷಧಿ ಇದು, ಗಾಬಾದ ಕೈ ಬಲಪಡಿಸುತ್ತದೆ. ನಾಯಿಗೆ ಕೊಡುವ ಪೊಟ್ಯಾಸಿಯಂ ಬ್ರೋಮೈಡ್ ಬೆಕ್ಕಿನ ಶ್ವಾಸಕೋಶವನ್ನು ಕೆಡಿಸಬಹುದು, ಹಾಗಾಗಿ ನಾಯಿಯ ಮಾತ್ರೆ ಹಂಚಿಕೊಳ್ಳುವ ಯೋಚನೆ ಬೇಡ. ಮೊದಲ ಒಂದೆರಡು ವಾರ ಬೆಕ್ಕು ಮಂಕಾಗಿ ತೂರಾಡುತ್ತದೆ, ಹಸಿವು ಜಾಸ್ತಿಯಾಗುತ್ತದೆ. ಅದು ನೋಡಿ ಮಾತ್ರೆ ನಿಲ್ಲಿಸಿಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇದನ್ನು ತಟ್ಟನೆ ನಿಲ್ಲಿಸಿದರೆ ಅದರಿಂದಲೇ ಜೋರಾದ ಫಿಟ್ಸ್ ಬರಬಹುದು. ಕಡಿಮೆ ಮಾಡುವುದಿದ್ದರೆ ವೈದ್ಯರೇ ರಕ್ತ ಪರೀಕ್ಷಿಸಿ, ಹಂತಹಂತವಾಗಿ ಮಾಡಬೇಕು.

ಚುಕ್ಕಿಗೆ ಬೆಳಗ್ಗೆ ಏಳಕ್ಕೆ ಒಂದು, ಸಂಜೆ ಏಳಕ್ಕೆ ಒಂದು. ಫ್ರಿಜ್ಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇನೆ. ತಾರೀಖು, ಎಷ್ಟು ಹೊತ್ತು, ಮೊದಲು ಎಲ್ಲಿ ಅದುರಿತು, ಮುಂಚೆ ಏನಾಗಿತ್ತು, ಆಮೇಲೆ ಎಷ್ಟು ಹೊತ್ತಿಗೆ ಸರಿಹೋದಳು, ಅಷ್ಟೇ ಬರೆಯುವುದು. ಕೊನೆಯ ಸಾಲು ಹೀಗಿದೆ: ಎಡ ತುಟಿ, 40 ಸೆಕೆಂಡು, ಬೀಳಲಿಲ್ಲ, ಸದ್ದೇನೂ ಇರಲಿಲ್ಲ, ಹತ್ತು ನಿಮಿಷಕ್ಕೆ ಬಂದು ಊಟ ಕೇಳಿದಳು.