ಫಾರ್ಮ್ ಫೈಂಡಿಂಗ್: ಆಕಾರವನ್ನು ಬರೆಯುವುದಲ್ಲ, ಹುಡುಕುವುದು

ಮನೆಗೆ ತಾರಸಿ ಹಾಕುವಾಗ ಅದರ ಆಕಾರದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸಪಾಟಾಗಿದ್ದರೆ ಆಯಿತು. ಅದು ಬಾಗದಂತೆ, ಬಿರುಕು ಬಿಡದಂತೆ ನೋಡಿಕೊಳ್ಳುವುದು ಒಳಗಿನ ಕಂಬಿಯ ಕೆಲಸ. ಫಾರ್ಮ್ ಫೈಂಡಿಂಗ್ ಇದರ ಉಲ್ಟಾ. ಇಲ್ಲಿ ಆರ್ಕಿಟೆಕ್ಟ್ ಮೊದಲೇ ಆಕಾರ ಬರೆದಿಡುವುದಿಲ್ಲ. ಚಾವಣಿ ಎಲ್ಲೆಲ್ಲಿ ನೆಲ ಮುಟ್ಟಬೇಕು, ಸುಮಾರು ಎಷ್ಟು ಎತ್ತರ ಬೇಕು, ಎಷ್ಟು ಭಾರ ಹೊರಬೇಕು ಅಂತಷ್ಟೇ ಹೇಳುತ್ತಾರೆ. ಆ ಭಾರ ಸಲೀಸಾಗಿ ನೆಲಕ್ಕೆ ಇಳಿಯಬೇಕಾದರೆ ಚಾವಣಿ ಹೇಗಿರಬೇಕು ಅನ್ನುವುದನ್ನು ಆಮೇಲೆ ಹುಡುಕುತ್ತಾರೆ. ಈಗ ಈ ಹುಡುಕಾಟ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಆದರೆ ವಿಚಾರ ಹಳೆಯದು.

1675ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಇದರ ಗುಟ್ಟನ್ನು ಅಕ್ಷರ ಕಲಸಿದ ಒಗಟಿನಲ್ಲಿ ಬಚ್ಚಿಟ್ಟು ಪ್ರಕಟಿಸಿದ. ಬೇರೆಯವರು ಕದ್ದಾರು ಅನ್ನುವ ಭಯ. ಒಗಟು ಬಿಡಿಸಿದರೆ ಸಿಗುವುದು ಇಷ್ಟು: ಎರಡು ತುದಿ ಹಿಡಿದು ಸರಪಳಿಯನ್ನು ಇಳಿಬಿಡಿ, ಅದು ಜೋತು ಬಿದ್ದ ಆಕಾರವನ್ನೇ ತಲೆಕೆಳಗು ಮಾಡಿ ಗಟ್ಟಿ ವಸ್ತುವಿನಲ್ಲಿ ಕಟ್ಟಿ, ಕಮಾನು ನಿಲ್ಲುತ್ತದೆ. ಕಾರಣ ಸರಳ. ಸರಪಳಿಗೆ ಎಳೆತ ಬಿಟ್ಟು ಬೇರೇನೂ ಗೊತ್ತಿಲ್ಲ. ತಿರುಗಿಸಿದಾಗ ಎಳೆತವೆಲ್ಲ ಒತ್ತಡವಾಗುತ್ತದೆ. ಕಲ್ಲು, ಇಟ್ಟಿಗೆ, ಕಾಂಕ್ರೀಟಿಗೆ ಬೇಕಾದದ್ದೂ ಅದೇ. ಅದುಮಿದರೆ ಚೆನ್ನಾಗಿ ತಡೆಯುತ್ತವೆ, ಎಳೆದರೆ ಬಿರುಕು ಬಿಡುತ್ತವೆ.

1740ರ ದಶಕದಲ್ಲಿ ರೋಮಿನ ಸೇಂಟ್ ಪೀಟರ್ಸ್ ಚರ್ಚಿನ ಗುಮ್ಮಟದ ಬಿರುಕುಗಳು ಆತಂಕ ಹುಟ್ಟಿಸಿದವು. ಜೊವಾನ್ನಿ ಪೊಲೆನಿ ಅನ್ನುವ ವಿದ್ವಾಂಸ ಗುಮ್ಮಟದ ಒಂದೊಂದು ತುಂಡಿನ ಭಾರಕ್ಕೆ ತಕ್ಕ ತೂಕಗಳನ್ನು ಸರಪಳಿಗೆ ಕಟ್ಟಿ ಇಳಿಬಿಟ್ಟ. ಆ ಗೆರೆಯನ್ನು, ಅಂದರೆ ಭಾರ ಇಳಿಯುವ ದಾರಿಯನ್ನು, ತಿರುಗಿಸಿ ಗುಮ್ಮಟದ ನಕ್ಷೆಯ ಮೇಲಿಟ್ಟರೆ, ಅದು ಗೋಡೆಯ ದಪ್ಪದೊಳಗೇ ಇತ್ತು. ಬೀಳುವುದಿಲ್ಲ ಅಂದ. ಆದರೂ ಸುತ್ತ ಕಬ್ಬಿಣದ ಪಟ್ಟಿ ಹಾಕಿ ಅಂತ ಸಲಹೆ ಕೊಟ್ಟ, ಜಾಣ!

ಇಲ್ಲಿ ದಪ್ಪದ ವಿಷಯ ಗಮನಿಸಬೇಕು. ನಮ್ಮ ವಿಜಯಪುರದ ಗೋಳಗುಮ್ಮಟ ಬುಡದಲ್ಲಿ ಸುಮಾರು 3 ಮೀಟರ್ ದಪ್ಪ. ಅಷ್ಟು ದಪ್ಪ ಇದ್ದರೆ ಭಾರದ ದಾರಿ ಸ್ವಲ್ಪ ಅತ್ತಿತ್ತ ಹೋದರೂ ಆ ದಪ್ಪದೊಳಗೇ ಇರುತ್ತದೆ. ಅದೇ ಕೆಲವೇ ಸೆಂಟಿಮೀಟರಿನ ಚಾವಣಿ ಬೇಕು ಅಂದರೆ ಅಂದಾಜು ನಡೆಯುವುದಿಲ್ಲ. ಆಕಾರ ಕರಾರುವಾಕ್ಕಾಗಿ ಆ ದಾರಿಯಲ್ಲೇ ಇರಬೇಕು.

ಒಂದೇ ಕಮಾನಿಗಾದರೆ ಒಂದು ಸರಪಳಿ ಸಾಕು. ಇಡೀ ಚಾವಣಿಗೆ ಬಲೆಯೇ ಬೇಕು. ಬಾರ್ಸಿಲೋನಾ ಹತ್ತಿರದ ಕೊಲೋನಿಯಾ ಗ್ಯುಯೆಲ್ ಚರ್ಚಿಗಾಗಿ ಆರ್ಕಿಟೆಕ್ಟ್ ಆಂಟನಿ ಗೌಡಿ ದಾರಗಳಿಗೆ ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ಕಟ್ಟಿ ತಲೆಕೆಳಗಿನ ಚರ್ಚನ್ನೇ ತೂಗುಹಾಕಿದ. ಒಂದು ದಾರ ಗಿಡ್ಡ ಮಾಡಿದರೆ ಉಳಿದವೆಲ್ಲ ಜಾಗ ಬದಲಿಸುತ್ತವೆ. ಈ ಮಾದರಿಗೆ ಹತ್ತಿರ ಹತ್ತಿರ 10 ವರ್ಷ ಹಿಡಿಯಿತು. ಕೊನೆಗೆ ಚರ್ಚಿನ ಕೆಳಭಾಗ ಮಾತ್ರ ಕಟ್ಟಿದ್ದು. ಸ್ವಿಟ್ಜರ್ಲೆಂಡಿನ ಹೈನ್ಜ್ ಇಸ್ಲರ್ ಒದ್ದೆ ಬಟ್ಟೆಯನ್ನು ಚಳಿಗಾಲದಲ್ಲಿ ಹೊರಗೆ ನೇತುಹಾಕಿ, ಹೆಪ್ಪುಗಟ್ಟಿದ ಮೇಲೆ ತಿರುಗಿಸಿ ನಿಲ್ಲಿಸುತ್ತಿದ್ದ. ಜರ್ಮನಿಯ ಫ್ರೈ ಒಟ್ಟೊ 1975ರ ಮನ್‌ಹೈಮ್ ಮಲ್ಟಿಹಾಲೆಯ ಮರದ ಜಾಲರಿ ಚಾವಣಿಗೆ ಸರಪಳಿಯ ಬಲೆ ಇಳಿಬಿಟ್ಟು ಆಕಾರ ಕಂಡುಕೊಂಡ. ಕಟ್ಟಿದ ಮೇಲೆ ಕಸದ ಡಬ್ಬಿಗಳಿಗೆ ನೀರು ತುಂಬಿ ಚಾವಣಿಗೆ ನೇತುಹಾಕಿ, ಎಷ್ಟು ತಗ್ಗುತ್ತದೆ ಅಂತ ಪರೀಕ್ಷೆ ಮಾಡಿದರು.

ಕಂಪ್ಯೂಟರ್ ಬಂದ ಮೇಲೆ ದಾರ, ಗುಂಡು ಎಲ್ಲ ಅಂಕಿಗಳಾದವು. 1972ರ ಮ್ಯೂನಿಕ್ ಒಲಿಂಪಿಕ್ಸ್ ಚಾವಣಿಗಳ ಕೆಲಸದ ಸುತ್ತಲೇ ಹುಟ್ಟಿದ ಫೋರ್ಸ್ ಡೆನ್ಸಿಟಿ ವಿಧಾನ ಇಂದಿಗೂ ಬಳಕೆಯಲ್ಲಿದೆ. ಆಮೇಲೆ, 2007ರ ಹೊತ್ತಿಗೆ, ಸಂಶೋಧಕರಾದ ಫಿಲಿಪ್ ಬ್ಲಾಕ್ ಮತ್ತು ಜಾನ್ ಆಕ್ಸೆಂಡಾರ್ಫ್ ಥ್ರಸ್ಟ್ ನೆಟ್‌ವರ್ಕ್ ಅನಾಲಿಸಿಸ್ ಅನ್ನುವ ವಿಧಾನ ತಂದರು. ನನಗೆ ಇಷ್ಟವಾದದ್ದು ಇದು. ಸ್ಕ್ರೀನಿನ ಮೇಲೆ ಎರಡು ಚಿತ್ರ ಇರುತ್ತವೆ. ಒಂದರಲ್ಲಿ ಮೇಲಿನಿಂದ ನೋಡಿದಂತೆ ಭಾರ ಹರಿಯುವ ದಾರಿಗಳು. ಇನ್ನೊಂದರಲ್ಲಿ ಅದೇ ದಾರಿಗಳಿಗೆ ಒಂದೊಂದು ಗೆರೆ. ಗೆರೆ ಎಷ್ಟು ಉದ್ದವೋ ಆ ದಾರಿಯಲ್ಲಿ ಅಷ್ಟು ಬಲ. ಈ ಎರಡನೇ ಚಿತ್ರವನ್ನು ಒಟ್ಟಾಗಿ ಕುಗ್ಗಿಸಿ ನೋಡಿ, ಚಾವಣಿ ಮೇಲೇಳುತ್ತದೆ. ಹಿಗ್ಗಿಸಿದರೆ ತಗ್ಗುತ್ತದೆ. ತಗ್ಗಿದ ಕಮಾನು ಕಾಲುಗಳನ್ನು ಜಾಸ್ತಿ ಹೊರಗೆ ತಳ್ಳುತ್ತದೆ ಅನ್ನುವುದು ಪುಸ್ತಕ ಓದದೆಯೇ ಕಣ್ಣಿಗೆ ಕಾಣುತ್ತದೆ.

ಹಾಗಂತ ವಕ್ರವಾಗಿ ಕಂಡದ್ದೆಲ್ಲ ಫಾರ್ಮ್ ಫೈಂಡಿಂಗ್ ಅಲ್ಲ. ಅಜರ್‌ಬೈಜಾನ್ ರಾಜಧಾನಿ ಬಾಕುವಿನ ಹೈದರ್ ಅಲಿಯೆವ್ ಸೆಂಟರ್ ಅನ್ನುವ ಕಟ್ಟಡ ಅಲೆಯಂತೆ ಏಳುತ್ತದೆ, ಸೊಗಸಾಗಿಯೇ ಇದೆ. ಆದರೆ ಆ ಅಲೆಯನ್ನು ಹೊತ್ತು ನಿಂತಿರುವುದು ಹೊದಿಕೆಯ ಹಿಂದಿನ ಸ್ಟೀಲ್ ಸ್ಪೇಸ್ ಫ್ರೇಮ್, ಅಂದರೆ ಕೊಳವೆಗಳನ್ನು ಜೋಡಿಸಿದ ಜಾಲರಿ. ಮೊದಲು ಆಕಾರ, ಆಮೇಲೆ ಆಧಾರ. ಅದು ತಪ್ಪೇನಲ್ಲ, ಆದರೆ ಬೇರೆಯೇ ಕೆಲಸ.

ಸ್ಕ್ರೀನಿನಲ್ಲಿ ಆಕಾರ ಸಿಕ್ಕಿದರೆ ಅರ್ಧ ಕೆಲಸವೂ ಮುಗಿದಿರುವುದಿಲ್ಲ. 2016ರ ವೆನಿಸ್ ಬಿನಾಲೆ ಅನ್ನುವ ವಾಸ್ತುಶಿಲ್ಪ ಪ್ರದರ್ಶನದಲ್ಲಿ ಬ್ಲಾಕ್ ಅವರ ಜ್ಯೂರಿಕ್ ತಂಡ ಮತ್ತು ಜೊತೆಗಾರರು ನಿಲ್ಲಿಸಿದ ಆರ್ಮಡಿಲೋ ವಾಲ್ಟ್ ನೋಡಿ. 399 ಸುಣ್ಣದಕಲ್ಲಿನ ತುಂಡುಗಳು. ನಡುವೆ ಗಾರೆ ಇಲ್ಲ, ಒಳಗೆ ಕಂಬಿ ಇಲ್ಲ. ಹರವು 16 ಮೀಟರ್, ತೆಳುವಾದ ಕಡೆ ದಪ್ಪ 5 ಸೆಂಟಿಮೀಟರ್. ಅಗಲಕ್ಕೆ ಹೋಲಿಸಿದರೆ ಮೊಟ್ಟೆಯ ಓಡಿಗಿಂತಲೂ ತೆಳು. ಗಾರೆ ಇಲ್ಲದ ಕಾರಣ ಕಲ್ಲಿನ ಪಕ್ಕದ ಮುಖಗಳು ಭಾರದ ದಾರಿಗೆ ಸರಿಯಾಗಿ ಅಡ್ಡ ಇರಬೇಕು, ಇಲ್ಲದಿದ್ದರೆ ಒಂದರ ಮೇಲೊಂದು ಜಾರುತ್ತವೆ. ಹಾಗಾಗಿ ಆ ಮುಖಗಳನ್ನು ಕಂಪ್ಯೂಟರ್ ಹೇಳಿದಂತೆ ಮಷೀನ್ ಅತಿ ನಿಖರವಾಗಿ ಕೊಯ್ದಿತು. ಉಳಿದ ಕಡೆ ಅಷ್ಟು ನಾಜೂಕು ಬೇಡ ಅಲ್ವಾ? ಕೆಳಮುಖಕ್ಕೆ ಗರಗಸದಿಂದ ಒತ್ತೊತ್ತಾಗಿ ಗೀರು ಹಾಕಿ, ನಡುವೆ ಉಳಿದ ತೆಳು ಪದರಗಳನ್ನು ಸುತ್ತಿಗೆಯಿಂದ ಉದುರಿಸಿದರು. ಆ ಗೀರುಗಳೇ ಅಲಂಕಾರವಾದವು. ಮೇಲ್ಮುಖವನ್ನು ಚಪ್ಪಟೆಯಾಗಿ ಬಿಟ್ಟರು. ಕಲ್ಲನ್ನು ಮಗುಚಿ ಮತ್ತೆ ಕೊಯ್ಯುವ ಕೆಲಸ ತಪ್ಪಿತು. ಟೆಕ್ಸಾಸಿನ ಕಲ್ಲು ಕೆಲಸದವರ ಜೊತೆ ಕೂತು ಮಾಡಿದ್ದರಿಂದಲೇ ಇಂಥ ಜಾಣತನ ಸಾಧ್ಯವಾಯಿತು ಅಂತ ನನ್ನ ಅನಿಸಿಕೆ. ಇನ್ನು ಕಾಲುಗಳು ಹೊರಗೆ ಜಾರದಂತೆ ಹಿಡಿಯಬೇಕಲ್ಲ. ಸಂರಕ್ಷಿತ ಕಟ್ಟಡದ ನೆಲ ಅಗೆಯುವ ಹಾಗಿರಲಿಲ್ಲ. ಸ್ಟೀಲ್ ಪಟ್ಟಿಗಳಿಂದ ಕಾಲುಗಳನ್ನು ಒಂದಕ್ಕೊಂದು ಬಿಗಿದರು.

ಕಾಂಕ್ರೀಟಿನದ್ದು ಬೇರೆ ತಲೆನೋವು: ಸೆಂಟ್ರಿಂಗ್. ವಕ್ರ ಚಾವಣಿಗೆ ವಕ್ರ ಅಚ್ಚು ಬೇಕು, ಒಮ್ಮೆ ಬಳಸಿ ಬಿಸಾಡಬೇಕು. ಮೆಕ್ಸಿಕೋದ ಫೆಲಿಕ್ಸ್ ಕ್ಯಾಂಡೆಲಾ 1950ರ ದಶಕದಲ್ಲಿ ನೇರ ಹಲಗೆಗಳಿಂದಲೇ ಅಚ್ಚು ಮಾಡಬಹುದಾದ ವಕ್ರ ಆಕಾರಗಳನ್ನು ಆರಿಸಿಕೊಂಡು ಇದನ್ನು ದಾಟಿದ. ಆದರೆ ಮುಂದೆ ಕೂಲಿ ಏರಿದಂತೆ ಇಂಥ ಚಾವಣಿಗಳೇ ಕಮ್ಮಿಯಾದವು. 2018ರಲ್ಲಿ ಮೆಕ್ಸಿಕೋ ಸಿಟಿಯಲ್ಲಿ ಅವನ ನೆನಪಿಗೆ ಕಟ್ಟಿದ ನಿಟ್‌ಕ್ಯಾಂಡೆಲಾದಲ್ಲಿ ಹಲಗೆಯ ಬದಲು ಬಟ್ಟೆ ಬಂತು. ಮಷೀನಿನಲ್ಲಿ ಹೆಣೆದ ಬಟ್ಟೆಯನ್ನು ಸ್ವಿಟ್ಜರ್ಲೆಂಡಿನಿಂದ ಸೂಟ್‌ಕೇಸಿನಲ್ಲಿ ಒಯ್ದು, ಬಿಗಿದು, ಅದರ ಮೇಲೆ ಕಾಂಕ್ರೀಟ್ ಬಳಿದರು. ಚಿಪ್ಪಿನ ತೂಕ ಸುಮಾರು 5 ಟನ್. ಇದರಲ್ಲಿ ಬ್ಲಾಕ್ ತಂಡದ ಜೊತೆಗಿದ್ದದ್ದು ಜಹಾ ಹದೀದ್ ಕಚೇರಿ, ಬಾಕುವಿನ ಆ ಅಲೆಯನ್ನು ವಿನ್ಯಾಸ ಮಾಡಿದವರೇ.

ಇಷ್ಟೆಲ್ಲ ಇದ್ದರೂ ನಮ್ಮ ಬೀದಿಗಳಲ್ಲಿ ಇಂಥ ಚಾವಣಿ ಯಾಕಿಲ್ಲ? ಕಮಾನಿನ ಮೇಲೆ ಇನ್ನೊಂದು ಮಹಡಿ ಹಾಕುವುದು ಕಷ್ಟ. ಒಂದು ಲೆಕ್ಕದ ಭಾರಕ್ಕೆ ಹುಡುಕಿದ ಆಕಾರ ಗಾಳಿಗೆ, ಭೂಕಂಪಕ್ಕೆ, ಒಂದೇ ಕಡೆ ಜನ ಸೇರಿದ್ದಕ್ಕೆ ಬೇರೆ ಥರ ನಡೆದುಕೊಳ್ಳುತ್ತದೆ. ಅದಕ್ಕೇ ಬ್ಲಾಕ್ ತಂಡ ಅದೇ ಲೆಕ್ಕವನ್ನು ಮಹಡಿಯ ನೆಲಕ್ಕೂ ತಂದಿದೆ. ಸ್ವಿಟ್ಜರ್ಲೆಂಡಿನ ಡ್ಯೂಬೆನ್‌ಡಾರ್ಫಿನಲ್ಲಿ 2021ರಲ್ಲಿ ತೆರೆದ ಹೈಲೋ ಅನ್ನುವ ಕಟ್ಟಡದಲ್ಲಿ ಸ್ಲ್ಯಾಬ್ ಮೇಲೆ ಸಪಾಟು, ಕೆಳಗೆ ತೆಳು ಕಮಾನು. ನಡುವೆ ಗಟ್ಟಿತನಕ್ಕೆ ಪಕ್ಕೆಗಳು. ಮಾಮೂಲಿ ಸ್ಲ್ಯಾಬಿಗಿಂತ ಕಾಂಕ್ರೀಟ್ ಬಹಳ ಕಮ್ಮಿ ಸಾಕಾಗುತ್ತದೆ, ಮೇಲೆ ಕುರ್ಚಿ ಮೇಜು ಹಾಕಿಕೊಂಡು ಕೂರಲೂಬಹುದು.